ಅಜ್ಜಿ ದಾಟಿದ ದೇವರ ಕಂಬಳಿ

ದೇವರ ಮುಂದೆ ಅಜ್ಜಿ ಹಾಸುತ್ತಿದ್ದ ಕರಿ ಕಂಬಳಿಯನ್ನು ಇವತ್ತು ಅಂಗಳದ ಬಿಸಿಲಿನಲ್ಲಿ ಹರಡಿದೆ. ಕುರಿ ಉಣ್ಣೆಯ ಆ ವಾಸನೆಗೆ ಕೂಡ್ಲಿಗಿಯ ನಮ್ಮ ಹಳೆಯ ಪಡಸಾಲೆ ಕಣ್ಣಮುಂದೆ ಬಂತು.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ನೆಲ ಸಣ್ಣಗೆ ನಡುಗಿ, ಅಡುಗೆಮನೆಯ ಪಾತ್ರೆಗಳು ಗಲಗಲ ಅಂದಿದ್ದವು. ದೊಡ್ಡಪ್ಪ ನನ್ನ ಕಡೆ ಬೆರಳು ಮಾಡಿದ. "ಈಕಿ ದೇವರ ಕಂಬಳಿ ದಾಟ್ಯಾಳ, ಅದಕ್ಕ ಭೂಮಿ ನಡುಗೈತಿ. ಅಡ್ಡಬಿದ್ದು ತಪ್ಪಾತು ಅನ್ನು. ಇಲ್ಲಾಂದ್ರ ನಾಳಿಯಿಂದ ಸಾಲಿ ಬಂದ್!"

"ಅನ್ನಂಗಿಲ್ಲ" ಎಂದೆ. ಹೊದೆಯುವ ಎರಡು ಕಂಬಳಿ ತಂದು ಅಂಚಿಗೆ ಅಂಚು ತಾಗಿಸಿ ಹಾಸಿದೆ. ಒಂದರ ನಡುವೆ ಅವನ ಚಹಾದ ಲೋಟ ಇಟ್ಟೆ. "ಭೂಮಿ ಮ್ಯಾಲಿನ ಕಲ್ಲಿನ ಪದರ ಹಿಂಗ ತುಂಡು ತುಂಡು ಐತಿ. ತುಂಡುಗಳು ಒಂದನ್ನೊಂದು ನೂಕತಾವ. ಬಿಗಿದದ್ದು ತಟ್ಟನೆ ಜಾರಿದ್ರ ಭೂಕಂಪ. ಒಂದು ಇನ್ನೊಂದರ ಅಡಿಗೆ ನುಗ್ಗಿದಲ್ಲಿ ಕಲ್ಲು ಕರಗಿ ಉಕ್ಕಿದ್ರ ಜ್ವಾಲಾಮುಖಿ. ನಮ್ಮೂರು ಅಂಚಿನಿಂದ ದೂರ ಐತಿ, ಆದ್ರೂ ಆ ನೂಕು ಇಲ್ಲಿತನಕ ಬರತೈತಿ." ಲೋಟದಿಂದ ದೂರ, ಎರಡು ಕಂಬಳಿ ತಾಗಿದ ಅಂಚನ್ನು ನೂಕಿದೆ. ಕಂಬಳಿ ಸುಕ್ಕಾಗಿ ಲೋಟ ಮಗುಚಿತು.

ದೊಡ್ಡಪ್ಪ ಹೊಡೆಯಲು ಕೈ ಎತ್ತಿದ. ಅಜ್ಜಿ ಎದ್ದವಳೇ, ಸೀರೆ ಎತ್ತಿ ಹಿಡಿದು ದೇವರ ಕಂಬಳಿ ದಾಟಿದಳು. "ನಾನೂ ದಾಟೀನಿ. ನಡುಗತೈತೇನು, ನೋಡೂಣು."

ನಡುಗಲಿಲ್ಲ.

ಈಗ ಅದೇ ಕಂಬಳಿಯನ್ನು ನನ್ನ ಮಗಳು ಜಿಗಿದು ಓಡಿದಳು. "ಅಯ್ಯೋ, ದಾಟಬಾರದವ್ವ!" ಎಂದು ಪಕ್ಕದ ಮನೆಯಾಕೆ ಕೂಗಿದಳು.

"ಇನ್ನೊಮ್ಮಿ ದಾಟವ್ವ" ಎಂದೆ ನಾನು.