ಕಾಕಾ ಉಳಿಸಿಟ್ಟ ಮೂರು ಪ್ಲೇಟು

ತಡೆಯಿರಿ, ಒಂದು ನಿಮಿಷ. ಡಬ್ಬಾ ಕ್ಯಾಮೆರಾ ಬಿಟ್ಟು ದೊಡ್ಡ ಪ್ಲೇಟು ಕ್ಯಾಮೆರಾ ಹಿಡಿದದ್ದು ಹೇಗೆ ಎಂದು ಕೇಳುವವರಿಗೆಲ್ಲ ಉತ್ತರ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಈ ಕಪ್ಪು ಬಟ್ಟೆಯ ವಿಷಯ ನೀವು ಕೇಳಲೇಬೇಕು.

ಹಲವು ಸಂಸಾರಗಳು ಬಾಡಿಗೆಗಿರುವ ನಮ್ಮ ವಾಡೆಯ ಕೆಳಗಿನ ಮನೆಯ ಕಾಕು ಹೋದ ವಾರ ಪುಣೆ ಬಿಟ್ಟು ಧಾರವಾಡಕ್ಕೆ, ತಮ್ಮನ ಮನೆಗೆ ಹೋದರು. ಹೊರಡುವ ದಿನ ಒಂದು ಮರದ ಪೆಟ್ಟಿಗೆ ತಂದು ನನ್ನ ಮುಂದಿಟ್ಟು, "ಅವರದು. ನಾ ಇದನ್ನ ಹೊತ್ಕೊಂಡು ಹೋಗಿ ಏನ್ಮಾಡ್ಲಿ? ನೀನ ಇಟ್ಕೋ" ಎಂದರು. ಮುಚ್ಚಳ ತೆಗೆದೆ. ಮೇಲೆಯೇ ಮಡಿಸಿಟ್ಟ ಕಪ್ಪು ಬಟ್ಟೆ. ಮೂಗಿಗೆ ಹಿಡಿದೆ. ಕರ್ಪೂರ, ಎಲೆ ಅಡಿಕೆ, ಫೋಟೋ ತೊಳೆಯುವ ಹಳೆಯ ಹೈಪೋ... ಅಷ್ಟೇ ಸಾಕಾಯಿತು. ಅವರ ಗಂಡ ಕಾಕಾ ಪಕ್ಕದಲ್ಲೇ ನಿಂತು, "ಒಳಗ ಜೋರಾಗಿ ಉಸಿರು ಬಿಡಬ್ಯಾಡ, ಗಾಜು ಮಂಜು ಹಿಡೀತದ" ಎಂದ ಹಾಗಾಯಿತು.

ಅದು ಮೊದಲು ಕಾಕುವಿನ ಚಂದ್ರಕಾಳಿ ಸೀರೆ. ಸಂಕ್ರಾಂತಿಗೆ ಉಡುವ ಕಪ್ಪು ಸೀರೆಯನ್ನು ಕತ್ತರಿಸಿ, ಎರಡು ಪದರ ಮಾಡಿ ಹೊಲಿದು, ಕಾಕಾ ಅದನ್ನು ಕ್ಯಾಮೆರಾದ ಮುಸುಕು ಮಾಡಿಕೊಂಡಿದ್ದರು. "ನಾ ಉಟ್ಟಿದ್ದು ಎರಡ ಸಂಕ್ರಾಂತಿ, ಇವರು ಹೊತ್ಕೊಂಡಿದ್ದು ಇಪ್ಪತ್ತು ವರ್ಷ" ಎಂದು ಕಾಕು ಬಂದವರಿಗೆಲ್ಲ ಹೇಳುತ್ತಿದ್ದರು.

ಅವರು ನನಗೆ ಸ್ವಂತ ಕಾಕಾ ಅಲ್ಲ. ವಾಡೆಯಲ್ಲಿದ್ದ ಎರಡೇ ಕನ್ನಡದ ಮನೆ ನಮ್ಮದು ಮತ್ತು ಅವರದು. ನಕಾಶೆ ಅಚ್ಚು ಹಾಕುವ ಸರ್ಕಾರಿ ಕಚೇರಿಯಲ್ಲಿ ನಕಾಶೆಗಳ ಫೋಟೋ ತೆಗೆಯುವುದು ಅವರ ಕೆಲಸವಾಗಿತ್ತು. ನಾನು ಕಂಡಾಗ ನಿವೃತ್ತರಾಗಿ ಕಣ್ಣಿಗೆ ಪೊರೆ ಬಂದಿತ್ತು. ಸ್ವಂತದ್ದೊಂದು ಮರದ ಕ್ಯಾಮೆರಾ ಇತ್ತು. ಮೂರು ಕಾಲು, ಹಾರ್ಮೋನಿಯಂ ತಿದಿಯಂಥ ಹೊಟ್ಟೆ, ಹಿತ್ತಾಳೆ ಲೆನ್ಸು. ನನಗೆ ಅದನ್ನು ನೋಡಿದರೆ ನಗು ಬರುತ್ತಿತ್ತು.

ಯಾಕೆಂದರೆ ನನ್ನ ಹತ್ತಿರ ಡಬ್ಬಾ ಕ್ಯಾಮೆರಾ ಇತ್ತಲ್ಲ! ಮ್ಯಾಟ್ರಿಕ್ ಪಾಸಾದದ್ದಕ್ಕೆ ಮಾಮಾ ಕೊಡಿಸಿದ್ದು. ಸುರುಳಿ ಫಿಲ್ಮು ಹಾಕು, ಎದೆಗೆ ಹಿಡಿ, ಮೇಲಿನ ಕಿಂಡಿಯಲ್ಲಿ ಇಣುಕು, ಕಟಕ್. ಎಂಟು ಫೋಟೋ. ಫಿಲ್ಮಿನ ಪೊಟ್ಟಣದ ಚೀಟಿ ಓದಿಯೇ ಎಲ್ಲ ಕಲಿತಿದ್ದೆ, ಇನ್ನು ಕಲಿಯುವುದು ಏನೂ ಉಳಿದಿಲ್ಲ ಎಂದುಕೊಂಡಿದ್ದೆ.

ಆಮೇಲೆ ಯುದ್ಧ ಬಂತು. ಅಪ್ಪ ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಕಾರಕೂನರಾಗಿದ್ದರು. ಒಂದು ಸಂಜೆ ಬಂದು ಟೋಪಿ ಗೂಟಕ್ಕೆ ಹಾಕಿ, "ಇರಾಕಿಗೆ, ಬಸ್ರಾಕ್ಕ ಹಾಕ್ಯಾರ. ಹತ್ತು ದಿನ ಟೈಮ್ ಅದ" ಎಂದರು. ಅವ್ವ ಅಳಲಿಲ್ಲ. ಅಡುಗೆಮನೆಗೆ ನನ್ನನ್ನು ಕರೆದು, "ನಿಮ್ಮಪ್ಪಂದು ಒಂದು ಫೋಟೋ ತೆಗಿ. ಅವರು ಬರೂತನಾ ನನಗ ನೋಡ್ಲಿಕ್ಕೆ ಬೇಕು" ಎಂದಳು. ಬರದಿದ್ದರೆ ಎನ್ನುವ ಮಾತು ಅವಳು ಆಡಲಿಲ್ಲ, ನಾನೂ ಕೇಳಲಿಲ್ಲ.

ಕ್ಯಾಂಪಿನ ಅಂಗಡಿಗೆ ಓಡಿದೆ. "ಫಿಲ್ಮ್ ನಾಹೀ, ಬಾಯಿ. ಸಗಳೀ ಮಿಲಿಟರೀಲಾ" ಎಂದ ಅಂಗಡಿಯವ. ಇದ್ದಬದ್ದ ಫಿಲ್ಮೆಲ್ಲ ಮಿಲಿಟರಿಗಂತೆ. ಇನ್ನೂ ನಾಲ್ಕು ಅಂಗಡಿ ಸುತ್ತಿದೆ. ಎಲ್ಲೂ ಒಂದು ಸುರುಳಿ ಸಿಗಲಿಲ್ಲ. ವಾಡೆಯ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದಾಗ ಕಾಕಾ ಬಂದರು. ವಿಷಯವೆಲ್ಲ ಕೇಳಿ, ಎಲೆ ಅಡಿಕೆ ಜಗಿಯುತ್ತ ಒಮ್ಮೆ ಮನೆಯೊಳಗೆ ಹೋಗಿ ಬಂದರು.

"ನನ್ನ ಹತ್ರ ಮೂರು ಪ್ಲೇಟ್ ಅವ, ಕಣ್ಣಿಲ್ಲ. ನಿನ್ನ ಹತ್ರ ಕಣ್ಣವ, ಪ್ಲೇಟಿಲ್ಲ. ಬಾ ಒಳಗ."

ಪ್ಲೇಟು ಎಂದರೆ ಫಿಲ್ಮಿನ ಬದಲು ಹಾಕುವ, ಮದ್ದು ಹಚ್ಚಿದ ಗಾಜು. ಮಾರನೆಯ ದಿನದಿಂದ ಪಾಠ. ಸೀರೆಯ ಮುಸುಕಿನೊಳಗೆ ಹೊಕ್ಕು ನೋಡಿದರೆ ಹಿಂದಿನ ಮಸಕು ಗಾಜಿನ ಮೇಲೆ ಇಡೀ ವಾಡೆ ತಲೆಕೆಳಗಾಗಿ ನಿಂತಿತ್ತು! ಬಾವಿ ಮೇಲೆ, ಆಕಾಶ ಕೆಳಗೆ. ಹಗ್ಗದ ಎಳೆ ಎಳೆ ಕಾಣುತ್ತಿತ್ತು. ನನ್ನ ಡಬ್ಬಿಯ ಕಿಂಡಿಯಲ್ಲಿ ಇದೇ ಬಾವಿ ಗೋಧಿ ಕಾಳಿನಷ್ಟು ಕಂಡಿತ್ತು. ಕ್ಯಾಮೆರಾಕ್ಕೆ ಶಟರ್ ಇರಲಿಲ್ಲ. ಲೆನ್ಸಿನ ಟೋಪಿ ತೆಗೆದು, ವಿಠ್ಠಲ ವಿಠ್ಠಲ ಎಂದು ಎಣಿಸಿ ಮುಚ್ಚಬೇಕು. ಒಂದು ಸಲ ವಿಠ್ಠಲ ವಿಠ್ಠಲ ಎಂದರೆ ಒಂದು ಸೆಕೆಂಡು.

ಪ್ಲೇಟನ್ನು ಅದರ ಚೌಕಟ್ಟಿನಲ್ಲಿ ತುಂಬುವುದು ಮಾತ್ರ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಕಂಬಳಿ ಹೊದಿಸಿದ ಬಾಗಿಲ ಹಿಂದೆ. ಹಳೆಯ ಪ್ಲೇಟು, ಕೆಂಪು ದೀಪ ಕೂಡ ಬೇಡ ಎನ್ನುತ್ತಿದ್ದರು. "ಕತ್ತಲ್ಯಾಗ ನಾನೂ ನೀನೂ ಒಂದ" ಎಂದು ನಕ್ಕು, ಗಾಜಿಗೆ ಮದ್ದು ಹಚ್ಚಿದ ಮಗ್ಗುಲು ಯಾವುದು ಎಂದು ಕಂಡುಹಿಡಿಯುವುದನ್ನು ಹೇಳಿಕೊಟ್ಟರು. ಪ್ಲೇಟಿನ ಮೂಲೆಯನ್ನು ತುಟಿಗೆ ತಾಕಿಸಬೇಕು. ಅಂಟಿದರೆ ಅದು ಮುಖ, ಜಾರಿದರೆ ಬೆನ್ನು. ಮುಖ ಲೆನ್ಸಿನ ಕಡೆ ಬರಬೇಕು.

ತುಟಿಗೆ! ನಮ್ಮ ಮನೆಯಲ್ಲಿ ನೀರು ಕುಡಿಯುವುದೇ ಲೋಟ ಎತ್ತಿ ಹಿಡಿದು, ಬಾಯಿಗೆ ತಾಕದಂತೆ. ತಾಕಿದರೆ ಎಂಜಲು, ಅವ್ವ ಬೂದಿ ಹಚ್ಚಿ ತಿಕ್ಕಿಸುತ್ತಿದ್ದಳು. ನಾನು ಬಾಯಿ ಹಚ್ಚಿದ್ದನ್ನು ಕಾಕಾ ಮುಟ್ಟುವುದು ಹೇಗೆ? ಅಭ್ಯಾಸಕ್ಕೆಂದು ಮೊದಲನೆಯ ಪ್ಲೇಟು ಕೊಟ್ಟಾಗ ಕತ್ತಲಲ್ಲಿ ತುಟಿಯ ತನಕ ತಂದೆ... ಮನಸ್ಸಾಗಲಿಲ್ಲ. ಬೆರಳಿನಿಂದ ಸವರಿ, ಇದೇ ಇರಬೇಕು ಎಂದು ಅಂದಾಜಿನಲ್ಲಿ ಕೂಡಿಸಿಬಿಟ್ಟೆ. ಹೊರಗೆ ಬಂದು ಬಾವಿಯ ಫೋಟೋ ತೆಗೆದೆ.

ತೊಳೆಯುವಾಗ ತಟ್ಟೆಯಲ್ಲಿ ಚಿತ್ರ ಬರಲೋ ಬೇಡವೋ ಎಂದು ಮೂಡಿತು.

"ಹೆಂಗದ?" ಎಂದರು ಕಾಕಾ.

"ಮಸುಕ ಅದರಿ, ಕಾಕಾ."

"ಫೋಕಸ್ ಸರೀ ಮಾಡಿದ್ದಿ?"

"ಮಾಡಿದ್ದೆರಿ."

ತಟ್ಟೆಯ ಕಡೆ ಬಾಗಿ ಕೇಳಿದರು. "ತುಟಿಗೆ ಹಚ್ಚಿದ್ದಿ?"

ಅಳು ಬಂದಿತ್ತು. ಬೆನ್ನು ಮುಂದೆ ಮಾಡಿ ಕೂಡಿಸಿ ಮೂರರಲ್ಲಿ ಒಂದನ್ನು ಕೊಂದಿದ್ದೆ.

"ಎಂಜಲ ಆಗ್ತದಂತ ಬಿಟ್ಟಿ, ಹೌದಲ್ಲೊ?" ಎಂದು ಜೋರಾಗಿ ನಕ್ಕರು. "ಏ ಹುಡುಗಿ, ಆಫೀಸಿನ್ಯಾಗ ನಾ ಬಾಯಿ ಹಚ್ಚಿದ ನಕಾಶೆ ಹಿಡ್ಕೊಂಡು ದೊಡ್ಡ ದೊಡ್ಡ ಸಾಹೇಬರು ದಾರಿ ಹುಡಿಕ್ಯಾರ. ಯಾರ ಮಡೀನೂ ಕೆಟ್ಟಿಲ್ಲ. ನಿಮ್ಮವ್ವಗ ನಾ ಹೇಳ್ತೀನಿ." ಅಷ್ಟೇ. ಬೈಯಲಿಲ್ಲ.

ಅಪ್ಪ ಹೊರಡುವ ಹಿಂದಿನ ದಿನ ಅಂಗಳದಲ್ಲಿ ಬೆಂಚು ಹಾಕಿದೆವು. ಉಳಿದ ಎರಡು ಪ್ಲೇಟಿನಲ್ಲಿ ಒಂದನ್ನು ಕಾಕಾ ತುಂಬಿದರು, ಇನ್ನೊಂದನ್ನು ನಾನು. ಕತ್ತಲಲ್ಲಿ ಕಣ್ಣು ಮುಚ್ಚಿ ಮೂಲೆಯನ್ನು ತುಟಿಗಿಟ್ಟೆ. ತಣ್ಣಗೆ, ಸ್ವಲ್ಪ ಅಂಟಿತು.

ಅಪ್ಪ ಒಬ್ಬರೇ ಕೂತಿದ್ದರು. ಕಾಕಾ ಒಪ್ಪಲಿಲ್ಲ, ಅವ್ವನನ್ನೂ ಕರೆದು ಕೂಡಿಸಿದರು. ಅವಳು ಬೆಂಚಿನ ಆ ತುದಿಗೆ ಕೂತಳು.

"ತಂಗೀ, ಅಷ್ಟು ದೂರ ಕೂತ್ರ ನಡುವ ಬಸ್ರಾನ ಹಿಡಿಸ್ತದ. ಹತ್ರ ಸರೀ."

ಮುಸುಕಿನೊಳಗೆ ಹೋದೆ. ಮಸಕು ಗಾಜಿನ ಮೇಲೆ ಅಪ್ಪ ತಲೆಕೆಳಗಾಗಿ ಕೂತಿದ್ದರು. ಅವರನ್ನು ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ನಾನು ಯಾವತ್ತೂ ನೋಡಿರಲಿಲ್ಲ. ತುಟಿಯ ಕೊನೆ ಸಣ್ಣಗೆ ನಡುಗುತ್ತಿತ್ತು. ಅಪ್ಪನಿಗೂ ಹೆದರಿಕೆ ಇತ್ತು... ಡಬ್ಬಾ ಕ್ಯಾಮೆರಾ ಆಗಿದ್ದರೆ ಅಷ್ಟರಲ್ಲಿ ಕಟಕ್ ಎಂದು ಮುಗಿಸಿ ಎದ್ದಿರುತ್ತಿದ್ದೆ.

ಮೊದಲು ಕಾಕಾ ತುಂಬಿದ ಪ್ಲೇಟು. ಟೋಪಿ ತೆಗೆದೆ. ವಿಠ್ಠಲ ವಿಠ್ಠಲ ಒಂದು. ವಿಠ್ಠಲ ವಿಠ್ಠಲ ಎರಡು. ಅಪ್ಪನಿಗೆ ಅದೇನು ನೆನಪಾಯಿತೋ, "ಬಸ್ರಾನ ಹಿಡಿಸ್ತದಂತ!" ಎಂದು ಭುಜ ಕುಣಿಸಿ ನಕ್ಕುಬಿಟ್ಟರು. ಅವ್ವ ಅವರ ಕಡೆ ತಿರುಗಿ ಸೆರಗು ಬಾಯಿಗೆ ಹಿಡಿದಳು. ಪ್ಲೇಟು ಹೋಯಿತು.

"ನನ್ನ ಬಾಯಿಂದನ ಹೋತು" ಎಂದರು ಕಾಕಾ. "ಇರ್ಲಿ, ನಿಂದೊಂದದ. ಈಗ ಯಾರೂ ನಗಬ್ಯಾಡ್ರಿ."

ಯಾರೂ ನಗಲಿಲ್ಲ. ನಾನು ತುಂಬಿದ ಪ್ಲೇಟು ಸೂಜಿಯ ಮೊನೆಯಷ್ಟು ಚೂಪಾಗಿ ಬಂತು. ಅಪ್ಪನ ಕೋಟಿನ ನೇಯ್ಗೆ, ಅವ್ವನ ಮೂಗುತಿಯ ಹರಳು, ಎಲ್ಲ. ಮೂರು ವರ್ಷ ಅವ್ವ ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ಆಮೇಲೆ ಒಲೆ ಹಚ್ಚಿದಳು. ನಗುವಿನಿಂದ ಕೆಟ್ಟ ಪ್ಲೇಟಿನ ಚಿತ್ರವನ್ನು ತಿಕ್ಕಿ ಅಳಿಸಿ, ಗಾಜನ್ನು ಕಿಟಕಿಗೆ ಹಾಕುತ್ತೇನೆಂದು ಕಾಕಾ ಒಯ್ದಿದ್ದರು.

ಅಪ್ಪ ಬಂದರು. ಕೂದಲು ನರೆದಿತ್ತು, ಅಷ್ಟೇ. ಕಾಕಾನ ಕಣ್ಣಿನ ಆಪರೇಷನ್ ಮುಂದೆ ಮುಂದೆ ಹೋಗುತ್ತಾ, ಹೋದ ಮಳೆಗಾಲದಲ್ಲಿ ಜ್ವರ ಬಂದು ನಾಲ್ಕೇ ದಿನದಲ್ಲಿ... ಪ್ಲೇಟು ಮತ್ತೆ ಸಿಗತೊಡಗಿದಾಗ ಅವರದೊಂದು ಫೋಟೋ ತೆಗೆಯುತ್ತೇನೆಂದು ಎಷ್ಟು ಸಲ ಕೇಳಿದ್ದೆ. "ನನ್ನ ಮ್ಯಾಲೆ ಪ್ಲೇಟ್ ಹಾಳು ಮಾಡಬ್ಯಾಡ" ಎನ್ನುವರು. ಅವರದು ಒಂದೂ ಫೋಟೋ ಇಲ್ಲ. ಕಾಕುವಿನ ಹತ್ತಿರವೂ ಇಲ್ಲ.

ಪೆಟ್ಟಿಗೆ ಕೊಡುವಾಗ ಕಾಕು ಇನ್ನೊಂದು ಮಾತು ಹೇಳಿದರು. "ಆ ಮೂರು ಪ್ಲೇಟು ಕಣ್ಣು ಕೊಯ್ಸಿಕೊಂಡ ಮ್ಯಾಲೆ ನನ್ನ ಫೋಟೋ ತೆಗೀಲಿಕ್ಕಂತ ಇಟ್ಟಿದ್ರು. ಅವತ್ತು ನನ್ನ ಕೇಳಿದ್ರು, ಕೊಡ್ಲೇನು ಅಂತ. ನಾನ ಕೊಡ್ರಿ ಅಂದೆ." ಅವರ ಕಾಲು ಹಿಡಿದೆ.

ಪೆಟ್ಟಿಗೆಯಲ್ಲಿ ಸೀರೆಯ ಕೆಳಗೆ, ಕಾಗದದಲ್ಲಿ ಸುತ್ತಿದ ಒಂದು ಗಾಜು ಇತ್ತು. ಬೆಳಕಿಗೆ ಹಿಡಿದೆ. ಅಪ್ಪನ ಭುಜ ಅಲುಗಿದೆ, ಅವ್ವನ ಮುಖ ಅರ್ಧ ತಿರುಗಿದೆ. ಇಬ್ಬರೂ ನಗುತ್ತಿದ್ದಾರೆ. ಕಾಕಾ ಅದನ್ನು ತಿಕ್ಕಿ ಅಳಿಸಿಯೇ ಇರಲಿಲ್ಲ. ಕೆಳಗಿನ ಮೂಲೆಯಲ್ಲಿ ಔಷಧ ಹಿಡಿಯದ ಒಂದು ಪುಟ್ಟ ಕಲೆ. ಪ್ಲೇಟು ತುಂಬುವಾಗ ತಾಕಿಸಿದ ಕಾಕಾನ ತುಟಿಯ ಗೆರೆಗಳು ಸ್ಪಷ್ಟವಾಗಿವೆ.

ಕಾಕಾನ ಮುಖದ್ದು ಎಂದು ಉಳಿದಿರುವುದು ಆ ಎಂಜಲು ಒಂದೇ. ನಿನ್ನೆ ಅದರ ಪ್ರಿಂಟು ಹಾಕಿದೆ, ಮೂಲೆ ಕತ್ತರಿಸದೆ. ಅವ್ವನೇ ಅದನ್ನು ದೇವರ ಕೋಣೆಯ ಗೋಡೆಗೆ ತೂಗುಹಾಕಿದಳು.

ನಿಮ್ಮ ಮನೆಯ ಗೋಡೆಯ ಮೇಲಿನ ಫೋಟೋ ತೆಗೆದವರು ಯಾರು? ಅವರ ಮುಖ ಎಲ್ಲಾದರೂ ಉಳಿದಿದೆಯೇ? ಉಳಿದಿದ್ದರೆ ಒಂದು ಕಾರ್ಡು ಬರೆಯಿರಿ. ಉಳಿಯದಿದ್ದರೆ ತಪ್ಪದೆ ಬರೆಯಿರಿ, ನೆನಪಿದ್ದಷ್ಟು... ನಾನು ಓದುತ್ತೇನೆ.