ಹೆಚ್ಚಾದ ಹಕಾರ

ನನ್ನ ನೆನಪಿನಲ್ಲಿ ಅವಳು ಸಂದರ್ಶನದ ದಿನ ಶಾಲೆಯ ಯೂನಿಫಾರ್ಮ್ ಹಾಕಿದ್ದಾಳೆ. ಆದರೆ ಅದು ಭಾನುವಾರ. ಭಾನುವಾರ ಯೂನಿಫಾರ್ಮ್ ಯಾಕೆ ಹಾಕುತ್ತಾಳೆ? ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಮನಶ್ಶಾಸ್ತ್ರ. ಇಂಥ ಒಂದು ವಿವರ ತಪ್ಪಿದರೆ ಉಳಿದದ್ದನ್ನೂ ಅನುಮಾನದಿಂದ ನೋಡಬೇಕು ಎಂದು ಅಲ್ಲಿ ಕಲಿತೆ. ಹಾಗಾಗಿ ಮುಂದೆ ಬರೆಯುವುದನ್ನೆಲ್ಲ ಅಷ್ಟೇ ಅನುಮಾನದಿಂದ ಓದಬಹುದು.

ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ನಾವಿಬ್ಬರೂ ಹತ್ತನೇ ತರಗತಿಯಲ್ಲಿದ್ದೆವು. ಅವಳು ಭೀಮನಬೀಡಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅವಳ ತಾಯಿ ಚೆಂಡುಹೂವಿನ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದರು. ನಮ್ಮ ಮನೆ ಪೇಟೆಯಲ್ಲೇ, ಅಂಗಡಿಯ ಮೇಲೆ. ಗಣಿತದ ಮೇಷ್ಟ್ರು ಶಾಲೆ ಬಿಟ್ಟ ಮೇಲೆ ನಮಗೆ ಕೋಡಿಂಗ್ ಹೇಳಿಕೊಡುತ್ತಿದ್ದರು. ಯಾವುದೋ ದೊಡ್ಡ ಸಾಫ್ಟ್‌ವೇರ್ ಕಂಪನಿ ಹೈಸ್ಕೂಲು ಮಕ್ಕಳನ್ನು ಆರಿಸಿ, ಪಿಯುಸಿಯಿಂದ ಎಂಜಿನಿಯರಿಂಗ್‌ವರೆಗೆ ತಾನೇ ಓದಿಸಿ ಕೆಲಸ ಕೊಡುತ್ತದೆ ಎಂಬ ಸುದ್ದಿಯನ್ನು ತಂದವರೂ ಅವರೇ. ನನಗೆ ಅದು ಒಂದು ಪರೀಕ್ಷೆ ಅಷ್ಟೆ. ಅವಳಿಗೆ ಹಾಗಲ್ಲ. ಆಯ್ಕೆಯಾದರೆ ಮೈಸೂರಿನಲ್ಲಿ ಹಾಸ್ಟೆಲ್ಲಿಗೆ ಸೇರಿ ಸೈನ್ಸ್ ಓದಬಹುದು, ಇಲ್ಲದಿದ್ದರೆ ಸೈನ್ಸಿನ ಮಾತೇ ಇಲ್ಲ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಲೆಕ್ಕ ಬಿಡಿಸುವುದರಲ್ಲಿ ಅವಳು ನಮ್ಮಿಬ್ಬರಿಗಿಂತಲೂ, ಅಂದರೆ ನನಗಿಂತಲೂ ಮೇಷ್ಟ್ರಿಗಿಂತಲೂ, ಚುರುಕು. ತನ್ನನ್ನು ತಾನೇ ಕರೆದುಕೊಳ್ಳುವ ಪ್ರೋಗ್ರಾಂ ನನ್ನ ತಲೆಗೆ ಹತ್ತದೆ ಕೂತಿದ್ದಾಗ ಅವಳು ಹೇಳಿದಳು: "ಮೊದ್ಲು ಎಲ್ಲಿ ನಿಂತ್ಕಬೇಕು ಅಂತ ಯೋಳ್ಬುಡ್ಲಾ ಅದ್ಕೆ. ಇಲ್ದಿದ್ರೆ ನಿನ್ನಂಗೆ ಸುಮ್ನೆ ಸುತ್ತಾನೇ ಇರ್ತದ." ಆಮೇಲೆ ನನಗೆ ಅದನ್ನು ಯಾರೂ ಅಷ್ಟು ಸರಿಯಾಗಿ ಹೇಳಿಕೊಟ್ಟಿಲ್ಲ.

ಎಲ್ಲ ತೊಡಕೂ ಹಕಾರದ್ದು. ನಮ್ಮ ಕಡೆ ಹೋಗು ಎನ್ನುವುದು ಓಗು, ಹಾಲು ಆಲು. ಕಂಪನಿಯವರ ಸಂದರ್ಶನ ಇಂಗ್ಲಿಷಿನಲ್ಲಿ, ಕಂಪ್ಯೂಟರ್ ಪರದೆಯ ಮೇಲೆ. ಪ್ರೋಗ್ರಾಮಿನಲ್ಲಿ ಮಾಹಿತಿ ಜೋಡಿಸಿಡುವ ಹ್ಯಾಶ್ ಟೇಬಲ್ ಎನ್ನುವುದನ್ನು ಅವಳು ಆಶ್ ಟೇಬಲ್ ಎಂದಾಗ ಮೇಷ್ಟ್ರು ಕೈ ತಲೆಯ ಮೇಲೆ ಇಟ್ಟುಕೊಂಡರು.

"ಆಶ್ ಅಂದರೆ ಬೂದಿ ಕಣಮ್ಮ. ಬೂದಿ ಟೇಬಲ್ ಎಂದಂತಾಯಿತು."

"ಬೂದಿನೋ ಇಬೂತಿನೋ, ಕೆಲ್ಸ ಮಾಡ್ತದಲ್ವಾ ಸಾ?"

ನಾನು ಬಿದ್ದು ಬಿದ್ದು ನಕ್ಕೆ. ಮೇಷ್ಟ್ರೂ ನಕ್ಕರು. ಆದರೆ ಅಂದಿನಿಂದಲೇ ತರಬೇತಿ ಶುರುವಾಯಿತು. ಬಾಯಿಯ ಮುಂದೆ ಅಂಗೈ ಹಿಡಿದುಕೊಂಡು, ಬೆಚ್ಚನೆಯ ಗಾಳಿ ತಾಗುವವರೆಗೆ ಪದ ಹೇಳಬೇಕು. ಹ್ಯಾಶ್. ಹೀಪ್. ಹೆಡ್. "ಬತ್ತಾ ಅದ ಸಾ ಗಾಳಿ," ಎನ್ನುತ್ತಿದ್ದಳು, "ಇನ್ನೊಂದ್ ಸ್ವಲ್ಪ ಊದುದ್ರೆ ನಿಮ್ಮ ಪೇಪರೆಲ್ಲ ಆರೋಯ್ತವೆ." ಮನೆಯಲ್ಲಿ ಅಭ್ಯಾಸ ಮಾಡುವಾಗ ಅವ್ವ "ಏನಮ್ಮಿ, ಬಿಸ್ಲಲ್ಲಿ ನಾಯಿ ತೇಕ್ದಂಗೆ ಹಾ ಹಾ ಅಂತಿದ್ದೀಯೆ" ಎಂದು ಬೈದರಂತೆ. ಇದನ್ನು ಅವಳು ಅವ್ವನ ದನಿಯಲ್ಲೇ ನಟಿಸಿ ತೋರಿಸಿದಳು. ಅವಳು ನಕ್ಕಾಗ ನನಗೆ ಎದೆಯೊಳಗೆ ಏನೋ ಆಗುತ್ತಿತ್ತು. ಅದಕ್ಕೆ ಈಗ ದೊಡ್ಡ ಹೆಸರುಗಳು ಗೊತ್ತು. ಆಗ ಗೊತ್ತಿರಲಿಲ್ಲ, ಗೊತ್ತಾಗುವ ಮೊದಲೇ ಮುಗಿದೂ ಹೋಯಿತು.

ಸಂದರ್ಶನ ಚಾಮರಾಜನಗರದ ಒಂದು ಕಾಲೇಜಿನ ಲ್ಯಾಬಿನಲ್ಲಿ. ಮೂವರೂ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಕೂತ ಅವಳ ತುಟಿಗಳು ದಾರಿಯುದ್ದಕ್ಕೂ ಅಲುಗುತ್ತಿದ್ದವು. ಬಸ್ಸಿನ ಸದ್ದಿನಲ್ಲಿ ನನಗೆ ಏನೂ ಕೇಳಲಿಲ್ಲ.

ನನ್ನದು ಮೊದಲು ಮುಗಿಯಿತು. ಆಮೇಲೆ ಅವಳು ಒಳಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಮೇಷ್ಟ್ರು ಮತ್ತು ನಾನು ಹೊರಗಿನ ಬೆಂಚಿನಲ್ಲಿದ್ದೆವು. ಅವಳ ದನಿ ಸ್ಪಷ್ಟವಾಗಿತ್ತು, ಧೈರ್ಯವಾಗಿತ್ತು. ಹ್ಯಾಶ್ ಎಂದಳು, ಸರಿಯಾಗಿ. ಮೇಷ್ಟ್ರು ನನ್ನ ತೊಡೆ ತಟ್ಟಿದರು. ಅದರ ಹಿಂದೆಯೇ ಅವಳು "ಹರೇ" ಎಂದಳು. ಕೋಡಿಂಗಿನಲ್ಲಿ ಪಟ್ಟಿಗೆ ಹೇಳುವ ಅರೇ ಎನ್ನಬೇಕಾದಲ್ಲಿ. ಆಮೇಲೆ ಹಿನ್‌ಪುಟ್. ಹೌಟ್‌ಪುಟ್. ಹೆಲಿಮೆಂಟ್. ಸ್ವರದಿಂದ ಶುರುವಾಗುವ ಪ್ರತಿ ಪದಕ್ಕೂ ಅವಳು ಜೋಪಾನವಾಗಿ ಒಂದು ಹಕಾರ ಕೂಡಿಸುತ್ತಿದ್ದಳು. ಪರದೆಯಲ್ಲಿದ್ದವರು ಸಾರಿ, ಮತ್ತೊಮ್ಮೆ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವಳು ಮತ್ತೊಮ್ಮೆ ಹೇಳಿದಳು, ಇನ್ನೂ ಗಟ್ಟಿಯಾಗಿ ಗಾಳಿ ಬಿಟ್ಟು. ಮೇಷ್ಟ್ರ ಕೈ ನನ್ನ ತೊಡೆಯ ಮೇಲೆ ಹಾಗೇ ಉಳಿದಿತ್ತು.

ಆಗ ಒಳಗೆ ಯಾರೋ ನಕ್ಕರು. ಹೆಂಗಸಿನ ನಗು, ಸ್ಪೀಕರಿನಿಂದ ಬಂದದ್ದು. ಇದು ನನ್ನ ನೆನಪು. ಎಷ್ಟೋ ವರ್ಷಗಳ ಮೇಲೆ ಕೇಳಿದಾಗ ಮೇಷ್ಟ್ರು ಖಂಡಿತ ಯಾರೂ ನಗಲಿಲ್ಲ, ಸಂದರ್ಶನಕ್ಕೆ ಕೂತಿದ್ದವರು ಇಬ್ಬರೂ ಗಂಡಸರು ಎಂದರು. ಹಾಗಾದರೆ ಆ ನಗು ಎಲ್ಲಿಂದ ಬಂತು?

ಹೊರಗೆ ಬಂದವಳ ಮುಖ ಬೆಳಗುತ್ತಿತ್ತು. ಎಂಗಾಯ್ತು ಎಂದು ನಾನು ಕೇಳಿದೆನೋ, ಕೇಳುವ ಮೊದಲೇ ಅವಳು ಹೇಳಿದಳೋ.

"ಎಲ್ಲಾದುಕ್ಕೂ ಉತ್ರ ಯೋಳ್ದೆ ಕಣ್ಲಾ. ಒಂದು ಹಾನೂ ಬುಡ್ನಿಲ್ಲ."

ಮೇಷ್ಟ್ರು ನಮ್ಮನ್ನು ಹೋಟೆಲಿಗೆ ಕರೆದೊಯ್ದು ದೋಸೆ ಕೊಡಿಸಿದರು. ಅವರು ಮಾತ್ರ ತಿನ್ನಲಿಲ್ಲ.

ಫಲಿತಾಂಶದಲ್ಲಿ ನಾನಿದ್ದೆ, ಅವಳಿರಲಿಲ್ಲ. ಕಾರಣ ಕೊಟ್ಟಿರಲಿಲ್ಲ. ಉಚ್ಚಾರಣೆಯೇ ಕಾರಣವೆಂದು ನಾನು ಇಂದಿಗೂ ಸಾಬೀತು ಮಾಡಲಾರೆ. ನಮ್ಮ ಶಾಲೆಯ ಲ್ಯಾಬಿನಲ್ಲಿ ಅವಳು ಮೇಷ್ಟ್ರ ಮುಂದೆ ನಿಂತು, "ಏನ್ ತೆಪ್ಪಾಯ್ತು ಸಾ? ಲೆಕ್ಕ ಎಲ್ಲಾ ಸರಿಯಾಗೇ ಮಾಡಿದ್ನಲ್ಲ," ಎಂದು ಕೇಳಿದಳು. ತರಗತಿಯಲ್ಲಿ ಪುಸ್ತಕದಂತೆ ಮಾತಾಡುತ್ತಿದ್ದ ಮೇಷ್ಟ್ರ ಬಾಯಿಂದ ಅವರ ಊರಿನ ಮಾತೇ ಬಂತು. "ನಾನೇ ಆಳ್ ಮಾಡ್ಬುಟ್ಟೆ ಕಣವ್ವ. ಇಲ್ದಿದ್ ಕಡೆ ಎಲ್ಲಾ ಹಾ ಅಂದ್ಬುಟ್ಟೆ ನೀನು."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತುಟಿಯಲ್ಲೇ ಒಂದೊಂದು ಪದವನ್ನೂ ಹೇಳಿ ನೋಡಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಿಂಗೂ ಕೇಳುಸ್ತಾ?"

"ಊಂ."

"ನಗಾಡುದ್ರಾ ಅವ್ರು?"

"ಇಲ್ಲ," ಎಂದೆ. ಅದು ನಿಜವೋ ಸುಳ್ಳೋ ನನಗೆ ಈಗ ತಿಳಿಯದು. ಅವಳು ಮಾತ್ರ ನಂಬಲಿಲ್ಲ. ಇದರಲ್ಲಿ ನನಗೆ ಅನುಮಾನವಿಲ್ಲ; ಆ ಮುಖವನ್ನು ಯಾವ ಶಾಸ್ತ್ರವೂ ನನ್ನಿಂದ ಅಳಿಸಲಾರದು.

ಅವಳು ಊರಲ್ಲೇ ಕಾಮರ್ಸ್ ಸೇರಿದಳು. ನಾನು ಕಂಪನಿಯವರ ಹಾಸ್ಟೆಲಿನಲ್ಲಿ ಒಂದು ವರ್ಷವೂ ನಿಲ್ಲದೆ ಬೇರೆ ಓದಿಗೆ ಹೊರಳಿದೆ. ನನ್ನ ಆ ಜಾಗ ಅವಳಿಗೆ ಸಿಗಲಿಲ್ಲ, ಯಾರಿಗೂ ಸಿಗಲಿಲ್ಲ.

ಈಚೆಗೆ ಗುಂಡ್ಲುಪೇಟೆಗೆ ಹೋಗಿದ್ದಾಗ ಕೆಮ್ಮಿನ ಔಷಧಿಗೆಂದು ಬಸ್ ನಿಲ್ದಾಣದ ಬಳಿಯ ಅಂಗಡಿಗೆ ಹೋದೆ. ಕೌಂಟರಿನಲ್ಲಿ ಅವಳೇ ಇದ್ದಳು.

"ನಮಸ್ಕಾರ. ಹೇಗಿದ್ದೀರಿ? ಯಾವಾಗ ಬಂದಿರಿ?"

ಪ್ರತಿ ಅಕ್ಷರವೂ ಅದರದರ ಜಾಗದಲ್ಲಿ. ಬಹಳ ದಿನದಿಂದ ಕೇಳಬೇಕೆಂದಿದ್ದದ್ದನ್ನು ತಡವರಿಸುತ್ತಾ ಕೇಳಿದೆ: ಅಂದು ಒಳಗೆ ಯಾರಾದರೂ ನಕ್ಕಿದ್ದರೇ?

"ಅದೆಲ್ಲ ಈಗ ಹೇಗೆ ನೆನಪಿರುತ್ತದೆ ಹೇಳಿ," ಎಂದಳು.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. "ಊಂ ಕಣವ್ವ, ಇನ್ನೇನ್ ಒಂಟ್ಬುಟ್ಟೆ. ನನ್ಗೇನ್ ಕಾಯ್ಬ್ಯಾಡ, ನೀನು ಉಂಡ್ಬುಡು. ಅಯ್ಯೋ, ಉಪ್ಪು ಎಚ್ಚಾದ್ರೆ ನೀರುಯ್ಕೊ, ನನ್ನ್ಯಾಕ್ ಕೇಳೀಯೆ?" ಎಂದು ನಕ್ಕಳು. ಅದೇ ನಗು. ಆ ಮಾತು ಎಲ್ಲೂ ಹೋಗಿರಲಿಲ್ಲ.

ಫೋನು ಕೆಳಗಿಟ್ಟು, ಮುಖ ನೇರ ಮಾಡಿಕೊಂಡು, ಔಷಧಿಯನ್ನು ನನ್ನ ಮುಂದೆ ಸರಿಸಿದಳು.

"ಮತ್ತೇನಾದರೂ ಬೇಕಾಗಿತ್ತೇ?"

ಇಲ್ಲ ಎಂದೆ.