ಚಾಳಿಗೆಲ್ಲ ನೀರಿನ ಸುದ್ದಿ ಕೊಟ್ಟ ಕಾಕಾಕುವಾ

ಕಾಕಾಕುವಾ ಹಕ್ಕಿ ನಮ್ಮ ಮನೆಗೆ ಬಂದದ್ದು ಹೇಗೆಂಬುದರ ಬಗ್ಗೆ ನನಗೆ ಎರಡು ನೆನಪುಗಳಿವೆ. ಅಪ್ಪನ ಆಫೀಸಿನ ಗೆಳೆಯರೊಬ್ಬರು ಊರು ಬಿಟ್ಟು ಹೊರಡುವಾಗ ಕೊಟ್ಟುಹೋದದ್ದು ಒಂದು. ಅವ್ವ ತಾನೇ ಹೋಗಿ ಮಾರ್ಕೆಟ್ಟಿನಿಂದ ತಂದದ್ದು ಇನ್ನೊಂದು. ಧಾರವಾಡದಿಂದ ಬಂದ ಅವ್ವ ಆಗ ಒಬ್ಬಳೇ ಮಾಳಿಗೆ ಇಳಿಯುತ್ತಿರಲಿಲ್ಲ. ಎರಡನೆಯದನ್ನು ನಾನೇ ಕಟ್ಟಿರಬೇಕು.

ಐವತ್ತರ ದಶಕ; ಗ್ರಾಂಟ್ ರೋಡಿನ ಚಾಳು, ಒಂದೇ ಉದ್ದ ಗ್ಯಾಲರಿಗೆ ಸಾಲು ಖೋಲಿಗಳು. ಅಪ್ಪ ಆಫೀಸಿಗೆ, ತಂಗಿ ಶಾಲೆಗೆ, ನಾನು ಕಾಲೇಜಿಗೆ ಹೋದ ಮೇಲೆ, ಮರಾಠಿ ಬಾರದ ಅವ್ವನಿಗೆ ಮಾತಿಗಿದ್ದದ್ದು ಈ ದೊಡ್ಡ ಬಿಳಿ ಗಿಳಿಯೊಂದೇ. ಅದಕ್ಕೂ ಜನ ಬೇಕು. ಒಂಟಿ ಬಿಟ್ಟರೆ ತಲೆಯ ಹಳದಿ ಜುಟ್ಟು ಬಿಚ್ಚಿ, ಇಡೀ ಗ್ಯಾಲರಿ ನಡುಗುವಂತೆ ಕೂಗುತ್ತಿತ್ತು.

ಚಾಳಿಗೆಲ್ಲ ಒಂದೇ ನಲ್ಲಿ. ಬೆಳಿಗ್ಗೆ ನೀರು ಬಂದದ್ದನ್ನು ಮೊದಲು ಕಂಡವರು "ಪಾಣೀ ಆಲಂ!" ಎಂದು ಕೂಗಬೇಕು, ಉಳಿದವರು ಕೊಡ ಹಿಡಿದು ಓಡಬೇಕು. ಹಕ್ಕಿ ಕಲಿತದ್ದು ಇದನ್ನೇ. ನಡುಮಧ್ಯಾಹ್ನ ಕೂಗುತ್ತಿತ್ತು, ಮಲಗಿದ್ದವರು ಎದ್ದು ಓಡುತ್ತಿದ್ದರು. ಕಡೆಗೆ, ಮೂಲೆ ಖೋಲಿಯ ಬೆಳಗಾವಿ ಕಾಕೂ ಬಾಗಿಲಿಗೆ ಬಂದರು; ಕನ್ನಡ ಬಲ್ಲ ಹೆಂಗಸಾದರೂ ಅದುವರೆಗೆ ನಮ್ಮತ್ತ ಸುಳಿದವರಲ್ಲ.

"ವೈನೀ, ಈ ಚಾಳದಾಗ ಒಂದೋ ಅದು ಇರಬೇಕು, ಇಲ್ಲಾ ನಾವು ಇರಬೇಕು!"

ಭಾನುವಾರ ಸಂಜೆ ಗ್ಯಾಲರಿಯಲ್ಲಿ ಸಭೆ ಸೇರಿತು. ಎಲ್ಲ ಮರಾಠಿಯಲ್ಲೇ. ಹಕ್ಕಿಯನ್ನು ಕೊಟ್ಟುಬಿಡಬೇಕೆಂದು ಕಾಕೂ ವಾದಿಸುತ್ತಿದ್ದರು. ಅವ್ವ ಪಂಜರದ ಪಕ್ಕ ಕುಳಿತು ನನ್ನ ತೋಳು ಜಗ್ಗಿದಳು.

"ಏನಂತಾರೋ?"

"ಇನ್ನೂ ಚಹಾದ ಮಾತೇ ನಡದದ."

"ಸುಳ್ಳ ಹೇಳಬ್ಯಾಡ. ಅವರ ಕೈ ನೋಡು, ಇದರ ಕಡೇನೇ ಅದ."

ಅಷ್ಟರಲ್ಲಿ ಪಂಜರದಿಂದ ಬಂತು: "ಪಾಣೀ ಆಲಂ!"

ಸಂಜೆ ನೀರು ಬಂದ ಇತಿಹಾಸವೇ ಆ ಚಾಳಿಗಿರಲಿಲ್ಲ. ಆದರೂ ಮೊದಲು ಎದ್ದವರು ಕಾಕೂ. ಮಾತನ್ನು ಅರ್ಧಕ್ಕೆ ಬಿಟ್ಟು, ಕೊಡ ಎತ್ತಿಕೊಂಡು ಓಡಿದರು. ಹಿಂದೆ ಇಡೀ ಸಭೆ. ತರ್ಕಶಾಸ್ತ್ರ ಓದುತ್ತಿದ್ದ ನಾನೂ ಓಡಿದೆನೆಂದು ತಂಗಿ ಹೇಳುತ್ತಾಳೆ. ಅದಕ್ಕೆ ಆಧಾರವಿಲ್ಲ.

ನಲ್ಲಿ ಒಣಗಿತ್ತು. ಕಾಕೂ ನಲ್ಲಿಯನ್ನೊಮ್ಮೆ, ಖಾಲಿ ಕೊಡವನ್ನೊಮ್ಮೆ ನೋಡಿದರು. ಆಮೇಲೆ ನಗಲು ಶುರುಮಾಡಿದವರು ನೆಲಕ್ಕೇ ಕುಳಿತುಬಿಟ್ಟರು.

"ಇದೇನ್ ಪಕ್ಷಿ ಅಲ್ರೀ, ನಮ್ಮತ್ತಿ! ಕರದ್ರ ಓಡಬೇಕು ನೋಡ್ರಿ."

ತೀರ್ಪು ಅಲ್ಲೇ ಆಯಿತು. ಹಕ್ಕಿ ಇರಲಿ, ಆದರೆ ಅದು ಕೂಗಿದಾಗಲೆಲ್ಲ ಅವ್ವ ಹೋಗಿ ನಲ್ಲಿ ನೋಡಿ, ನೀರಿಲ್ಲದಿದ್ದರೆ ಎಲ್ಲರಿಗೂ ಕೇಳುವಂತೆ ಹೇಳಬೇಕು. ಹೇಗೆ ಹೇಳಬೇಕೆಂದು ಕಾಕೂ ಅಲ್ಲೇ ಕಲಿಸಿಕೊಟ್ಟರು.

ಮರುದಿನ ನನಗೆ ರಜೆ. ಮಧ್ಯಾಹ್ನ ಹಕ್ಕಿ ಕೂಗಿತು. ಅವ್ವ ಸೆರಗು ಸರಿಮಾಡಿಕೊಂಡು ನಲ್ಲಿಯವರೆಗೆ ಹೋದಳು, ಗಂಟಲು ಸರಿಪಡಿಸಿಕೊಂಡು, ಬದುಕಿನ ಮೊದಲ ಮರಾಠಿ ವಾಕ್ಯವನ್ನು ಇಡೀ ಗ್ಯಾಲರಿಗೆ ಕೂಗಿ ಹೇಳಿದಳು: "ಪಾಣೀ ನಾಹೀ ಆಲಂ!"

ಖೋಲಿಯೊಂದರ ಒಳಗಿನಿಂದ ಯಾರೋ ಅವಳನ್ನು ಏನೋ ಕೇಳಿದರು. ಇನ್ಯಾರೋ ನಕ್ಕರು. ಅವ್ವ ಏನು ಉತ್ತರ ಕೊಟ್ಟಳೋ ತಿಳಿಯದು. ಮನೆಗೆ ಮರಳಿದ್ದು ಮಾತ್ರ ಬಹಳ ಹೊತ್ತಿನ ಮೇಲೆ.